ಹಿಂದೆ ಸರಿಯುವ ಕಾಗದ

ಆರನೆಯ ಸಭೆಗೆ ರೋಲ್ಫ್ ಬರಲಿಲ್ಲ.
ಬದಲಿಗೆ ಒಂದು ಸಾಲು ಬಂತು:
ಸಾಕು. ಇನ್ನು ಜಡ್ಜೇ ಹೇಳಲಿ.

ನಾನಾಗಲೇ ದುಂಡು ಮೇಜಿನ ಮೇಲೆ
ನಾಲ್ಕು ಲೋಟ ಇಟ್ಟಿದ್ದೆ.
ಅಜ್ಜಿ ಕಲಿಸಿದ ಏಲಕ್ಕಿ ಬ್ರೆಡ್ಡು, ಜಡೆ ಹೆಣೆದದ್ದು,
ಐದು ಸಭೆಗೂ ಮಾಡಿ ತಂದದ್ದೇ,
ಇನ್ನೂ ಬಿಸಿಯಿತ್ತು.

ಮೇಜು ದುಂಡಗಿದ್ದರೆ ಯಾರೂ ಮೂಲೆ ಸೇರುವುದಿಲ್ಲವೆಂದು
ಡುಲೂತ್ ಎಲ್ಲ ಅಲೆದು ಕೊಂಡ ಮೇಜು ಇದು.
ಜನ ಜಾಣರು.
ಮೂಲೆಯನ್ನು ಮನೆಯಿಂದಲೇ ತರುತ್ತಾರೆ.

ಮೊದಲ ದಿನ ನಾಲ್ವರೂ ಸಹಿ ಹಾಕಿದ್ದೆವು:
ಕೂತು ಮಾತಾಡಿ ಮುಗಿಸುವುದು.
ಒಬ್ಬರು ಕೋರ್ಟಿನ ಮೆಟ್ಟಿಲು ಹತ್ತಿದರೂ
ವಕೀಲರಿಬ್ಬರೂ ಇಳಿಯಬೇಕು,
ಈ ಮನೆಯ ಜಗಳಕ್ಕೆ ಮತ್ತೆಂದೂ ತಲೆ ಹಾಕಬಾರದು.
ಇಲ್ಲಿ ಆಡಿದ್ದನ್ನು ಅಲ್ಲಿ ಆಡಬಾರದು.
ಮಾತು ಆಡಿದರೆ ಹೋಯಿತು ಅನ್ನುತ್ತಾರಲ್ಲ,
ನಮ್ಮ ಕರಾರಿನಲ್ಲಿ ಅದು ಉಲ್ಟಾ:
ಆಡಿದ ಮಾತೆಲ್ಲ ಆಡಲೇ ಇಲ್ಲ.

ಈಡಾಳ ವಾರಗಳನ್ನು ಹಂಚಿದೆವು, ದನಿ ಏರದೆ.
ಮನೆ, ಟ್ರಕ್ಕು, ಅದಿರು ಬಂದರಿನ ಪಿಂಚಣಿ,
ಫ್ರೀಜರಿನ ಜಿಂಕೆ ಮಾಂಸ ಕೂಡ, ತೂಕ ಹಾಕಿ.
ಉಳಿದದ್ದು ಕೆರೆದಂಡೆಯ ಸೌನಾ,
ಹನ್ನೆರಡಕ್ಕೆ ಹದಿನಾಲ್ಕು ಅಡಿ, ದೇವದಾರು ಗೋಡೆ.
ಅಪ್ಪ ಕಟ್ಟಿದ್ದು, ಅಂದಳು ಸಿಗ್ನೆ.
ಛಾವಣಿ ನನ್ನದು, ಒಲೆ ನನ್ನದು, ಅಂದ ರೋಲ್ಫ್.
ಲೆಕ್ಕದ ಹಾಳೆ ಮುಂದಿಟ್ಟ.

ಆಮೇಲೆ ಹಾಳೆಯಲ್ಲಿಲ್ಲದ ಒಂದನ್ನು
ಲೋಟದೊಳಕ್ಕೆ ನೋಡುತ್ತ ಹೇಳಿದ:
ಕೊನೆಯ ಚಳಿಗಾಲ ನಿನ್ನಪ್ಪನಿಗೆ ಕಾಲು ನಿಲ್ಲುತ್ತಿರಲಿಲ್ಲ.
ಶನಿವಾರ ಶನಿವಾರ
ಎತ್ತಿಕೊಂಡು ಹೋಗಿ ಮೀಯಿಸುತ್ತಿದ್ದೆ.
ನಿನಗೆ ಹೇಳಬೇಡ ಅಂದಿದ್ದ.

ನನ್ನ ಪೆನ್ನು ನಿಂತಿತು.
ಇಷ್ಟು ವರ್ಷ ಈ ಕಸುಬಿನಲ್ಲಿ ಕಾದದ್ದು ಇಂಥದ್ದಕ್ಕೇ,
ಈಗ ಕದ ತೆರೆಯುತ್ತದೆ ಅಂದುಕೊಂಡೆ.
ಸಿಗ್ನೆ ಕೇಳಿದಳು:
ಅದಕ್ಕೆ ಎಷ್ಟು ಹಾಕಿದ್ದೀಯ?

ನನ್ನ ಕಕ್ಷಿದಾರಳು.
ತೋಳು ಮುಟ್ಟಿ ತಡೆಯಬಹುದಿತ್ತು.
ಗಡಿಯಾರ ನೋಡಿದೆ.

ಇಂದು ಫೋನಿನಲ್ಲಿ ಕೇಳುತ್ತಾಳೆ:
ಹಾಗಾದರೆ ನೀವೂ ಬಿಟ್ಟು ಹೋಗುತ್ತೀರಾ?
ಹೌದು ಅಂದೆ. ಮೂರು ಹೆಸರು ಕೊಟ್ಟೆ, ಮೂವರೂ ಗಟ್ಟಿಗರು.
ಅವರಲ್ಲೊಬ್ಬರು ಸೌನಾಕ್ಕೆ ಬೆಲೆ ಕಟ್ಟಿಸುತ್ತಾರೆ.
ಜಡ್ಜು ಛಾವಣಿ ಯಾವ ವರ್ಷದ್ದೆಂದು ಕೇಳುತ್ತಾರೆ,
ಒಲೆಯ ರಸೀದಿ ಕೇಳುತ್ತಾರೆ.
ಆ ಶನಿವಾರಗಳು ಮಾತ್ರ
ನನ್ನಲ್ಲಿ, ಬರ್ನಡೆಟ್‌ಳಲ್ಲಿ,
ಬಾಯಿ ಹೊಲಿದ ಚೀಲದೊಳಗೆ.
ಅವನಾಗಿ ಮತ್ತೆ ಹೇಳಿದರೆ ಯಾರೂ ತಡೆಯರು.
ಹೇಳಲಾರ.
ಅಂಥ ಮಾತು ಗಂಡಸಿನ ಬಾಯಿಗೆ
ಎರಡು ಸಲ ಬರುವುದಿಲ್ಲ.

ಹಿಂದೆ ಸರಿಯುವ ಕಾಗದ ಅರ್ಧ ಪುಟ.
ತಾರೀಖು, ಪ್ರಕರಣದ ಸಂಖ್ಯೆ, ಎರಡು ಹೆಸರು.
ಕಾರಣ ಬರೆಯಲು ಅದರಲ್ಲಿ ಜಾಗವೇ ಇಲ್ಲ.
ರೋಲ್ಫ್‌ನ ಕಡೆಯ ಬರ್ನಡೆಟ್ ಬಂದು
ತನ್ನ ಅರ್ಧ ಪುಟಕ್ಕೆ ಇಲ್ಲೇ ಕೂತು ಸಹಿ ಹಾಕಿದಳು.
ಕಿಟಕಿಯಾಚೆ ಮಂಜುಗಡ್ಡೆ ಸೀಳಿಕೊಂಡು
ಈ ವರ್ಷದ ಮೊದಲ ಹಡಗು ಕಾಲುವೆಗೆ ಬಂತು.
ಸೇತುವೆ ರಸ್ತೆಯನ್ನೇ ಎತ್ತಿಕೊಂಡು ಮೇಲೆ ಹೋಯಿತು.
ಎರಡೂ ದಡದಲ್ಲಿ ಕಾರುಗಳು ಇಂಜಿನ್ ಆರಿಸಿ ಕಾದವು.
ಒಂದು ಉದ್ದ, ಎರಡು ಗಿಡ್ಡ, ಹಡಗು ಕೂಗಿತು.
ಸೇತುವೆ ಅದನ್ನೇ ತಿರುಗಿ ಕೂಗಿತು.
ನಾವಿಬ್ಬರೂ ಎಣಿಸಿದೆವು,
ಈ ಊರಲ್ಲಿ ಎಲ್ಲರೂ ಎಣಿಸುವ ಹಾಗೆ.

ಹೊರಡುವಾಗ ಬ್ರೆಡ್ಡಿನ ಒಂದು ಎಳೆ ಮುರಿದುಕೊಂಡು ಅಂದಳು:
ರೋಲ್ಫ್‌ಗೆ ಏಲಕ್ಕಿ ಆಗುವುದಿಲ್ಲ, ಕೈಸಾ.
ಎರಡನೆಯ ಸಭೆಯಲ್ಲೇ ನಿನಗೆ ಹೇಳಬೇಕಿತ್ತು.
ತಿಂದ ಪಾಪ,
ಐದೂ ಸಲ,
ಮರ್ಯಾದೆಗೆ.